ನಾಣ್ಯಕ್ಕೊಂದು ಊರು ಬೇಡವೆ?

ಲಿಂಗಸುಗೂರಿನ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿರುವ ವೃದ್ಧರೊಬ್ಬರು, ನನಗೆ ಹಳೆಯ ನಾಣ್ಯಗಳಲ್ಲಿ ಆಸಕ್ತಿಯುಂಟೆಂಬುದನ್ನು ಪರಿಚಿತರಿಂದ ಕೇಳಿ, ಗಲ್ಲಾಪೆಟ್ಟಿಗೆಯ ತಳದಿಂದ ಒಂದು ತಗಡಿನ ಡಬ್ಬಿಯನ್ನು ತೆಗೆದು ನನ್ನ ಮುಂದಿಟ್ಟರು. ಅದರಲ್ಲಿ ಮೂರು ನಾಣ್ಯಗಳಿದ್ದುವು. ಒಂದು, ಹುಣಿಸೆ ಬೀಜದಷ್ಟೇ ಅಗಲದ ಚಿನ್ನದ ಬಿಲ್ಲೆ. ಒಂದು ಮುಖದಲ್ಲಿ ಕುಳಿತಿರುವ ಬಾಲಕೃಷ್ಣ, ಇನ್ನೊಂದು ಮುಖದಲ್ಲಿ ಮೂರು ಸಾಲು ನಾಗರಿ ಲಿಪಿ. ಎರಡನೆಯದು ದಪ್ಪನಾದ ತಾಮ್ರದ ತುಂಡು. ಪಾರಸಿ ಅಕ್ಷರಗಳೆಲ್ಲ ಸವೆದು 'ಶಾಹ' ಎಂಬ ಒಂದು ಪದ ಮಾತ್ರ ಕಣ್ಣಿಗೆ ಹಿಡಿಯುತ್ತಿತ್ತು. ಮೂರನೆಯದನ್ನು ಗುರುತಿಸುವುದಕ್ಕೆ ಪಾಂಡಿತ್ಯವೇನೂ ಬೇಕಿರಲಿಲ್ಲ. ಚಾರಮಿನಾರಿನ ಚಿತ್ರವಿದ್ದ, ನಿಜಾಮರ ಕಾಲದ ಎಂಟಾಣೆ ಅದು.

"ಇವು ಎಲ್ಲಿ ಸಿಕ್ಕುವು, ಯಜಮಾನರೆ?" ಎಂದೆ.

"ಎಲ್ಲಿ ಸಿಕ್ಕಾವೋ ಯಾರಿಗ್ ಗೊತ್ತದರಿ? ನಮ್ಮಪ್ಪನ ಕಾಲದಿಂದ ಡಬ್ಬ್ಯಾಗ ಅದಾವ. ಬಂಗಾರದ್ದಕ್ಕ ಏನ್ ಬರ್ತದ, ಅದನ್ನ ಹೇಳ್ರಿ."

ಅವರ ಪ್ರಶ್ನೆಗೆ ನಾನು ಉತ್ತರ ಕೊಡಬಲ್ಲವನಾಗಿರಲಿಲ್ಲ. ನನ್ನ ಪ್ರಶ್ನೆಗೆ ಅವರು ಉತ್ತರ ಕೊಡಬಲ್ಲವರಾಗಿರಲಿಲ್ಲ. ಆದರೆ ಊರಿಗೆ ಹಿಂದಿರುಗಿ, ನಾಣ್ಯಗಳನ್ನು ಕುರಿತ ಗ್ರಂಥಗಳನ್ನು ಒಂದೊಂದಾಗಿ ತೆರೆದು ಕುಳಿತಾಗ ಒಂದು ಸಂಗತಿ ಮನಸ್ಸನ್ನು ಕೊರೆಯತೊಡಗಿತು. ಆ ಡಬ್ಬಿಯಲ್ಲಿ ಒಂದಕ್ಕೊಂದು ತಗುಲಿಕೊಂಡು ಎರಡು ತಲೆಮಾರು ಕಳೆದಿದ್ದ ಆ ಮೂರು ನಾಣ್ಯಗಳು ನಮ್ಮ ಪುಸ್ತಕಗಳಲ್ಲಿ ಒಮ್ಮೆಯೂ ಒಂದನ್ನೊಂದು ಭೇಟಿಯಾಗುವುದಿಲ್ಲ. ಚಿನ್ನದ್ದು ವಿಜಯನಗರದ ಅಧ್ಯಾಯಕ್ಕೆ ಸೇರಿದ್ದು. ತಾಮ್ರದ್ದು ಸುಲ್ತಾನರ ಪುಸ್ತಕಕ್ಕೆ ಸೇರಿದ್ದು, ಮತ್ತು ಆ ಪುಸ್ತಕವನ್ನು ಬರೆಯುವ ವಿದ್ವಾಂಸರೇ ಬೇರೆ. ಎಂಟಾಣೆಯಂತೂ ಸಂಸ್ಥಾನಗಳ ಪಟ್ಟಿಯ ಯಾವುದೋ ಮೂಲೆಗೆ ಹೋಗುತ್ತದೆ. ಮೂರನ್ನೂ ಕೈಯಲ್ಲಿ ಹಿಡಿದು, ಎಣಿಸಿ, ಸಾಲ ಕೊಟ್ಟು, ಮುಚ್ಚಿಟ್ಟ ನಾಡಿಗೆ ಎಲ್ಲಿಯೂ ಒಂದು ಅಧ್ಯಾಯವಿಲ್ಲ. ನಮ್ಮ ನಾಣ್ಯಸಾಹಿತ್ಯದ ಬಗೆಗೆ ನನಗಿರುವ ಮುಖ್ಯ ಆಕ್ಷೇಪವೇ ಇದು. ಅದನ್ನು ಸ್ವಲ್ಪ ವಿವರವಾಗಿ ಹೇಳಲು ವಾಚಕರು ಅವಕಾಶ ಕೊಡಬೇಕು.

ಮೊದಲು ನಾಡಿನ ವಿಷಯ. ಲಿಂಗಸುಗೂರು, ಮಸ್ಕಿ, ಸಿಂಧನೂರು, ಈ ಮೂರೂ ಒಂದೇ ದಾರಿಯ ಮೇಲಿನ ಊರುಗಳು. ಬಸ್ಸು ಹತ್ತಿದರೆ ಎರಡು ತಾಸಿನೊಳಗೆ ಮೂರನ್ನೂ ಹಾದುಹೋಗಬಹುದು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಣ ಈ ಭೂಮಿಯನ್ನು ಇತಿಹಾಸದ ಪುಸ್ತಕಗಳು ರಾಯಚೂರು ದೋಆಬ್ ಎಂದು ಕರೆಯುತ್ತವೆ. ಶಾಸನಗಳು ಕೊಟ್ಟ ಕನ್ನಡದ ಹೆಸರು ಅದಕ್ಕಿಂತ ಚೆಲುವಾದದ್ದು: ಎಡೆದೊರೆ ನಾಡು, ಎಂದರೆ ಎರಡು ಹೊಳೆಗಳ ಎಡೆಯ ನಾಡು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಂದಿನಿಂದ 1565ರಲ್ಲಿ ರಕ್ಕಸಗಿ-ತಂಗಡಗಿಯ ಕಾಳಗ ನಡೆಯುವವರೆಗೆ, ಸುಮಾರು ಇನ್ನೂರ ಇಪ್ಪತ್ತು ವರ್ಷ, ಇದು ಎರಡು ರಾಜ್ಯಗಳ ನಡುವೆ ಕೈ ಬದಲಾಯಿಸುತ್ತಲೇ ಇತ್ತು. ಮುದಗಲ್ಲಿನ ಕೋಟೆಯ ಮೇಲೆ ಯಾವ ಬಾವುಟ ಹಾರುತ್ತಿದೆಯೆಂಬುದನ್ನು ನೋಡಿ ಆ ವರ್ಷದ ಕಂದಾಯ ಯಾರಿಗೆಂದು ರೈತ ತಿಳಿದುಕೊಳ್ಳಬೇಕಾಗಿತ್ತು ಎಂದರೆ ಹೆಚ್ಚಿನ ಉತ್ಪ್ರೇಕ್ಷೆಯಾಗಲಾರದು. ಈ ನೆಲಕ್ಕೆ ಇನ್ನೂ ಒಂದು ವಿಶೇಷವುಂಟು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನವಿದೆ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ನಮ್ಮ ದೇಶದಲ್ಲಿ ಚಿನ್ನ ತೆಗೆಯುವ ಮುಖ್ಯ ಗಣಿ ಇದೇ. ಇಪ್ಪತ್ತನೆಯ ಶತಮಾನದಲ್ಲಿ ಯಂತ್ರಗಳನ್ನು ಹೂಡಿ ಇಳಿದವರು ತಮಗಿಂತ ಎಷ್ಟೋ ಶತಮಾನ ಮೊದಲೇ ಯಾರೋ ಅಲ್ಲಿ ಆಳವಾಗಿ ಅಗೆದು ಹೋಗಿದ್ದುದನ್ನು ಕಂಡರು.

ಇನ್ನು ಪುಸ್ತಕಗಳ ವಿಷಯ. ದಕ್ಷಿಣ ಭಾರತದ ನಾಣ್ಯಗಳಿಗೆ ಶಾಸ್ತ್ರದ ಸ್ಥಾನವನ್ನು ದೊರಕಿಸಿಕೊಟ್ಟವರಲ್ಲಿ ಸರ್ ವಾಲ್ಟರ್ ಎಲಿಯಟ್ ಪ್ರಮುಖ. ತರುಣ ಅಧಿಕಾರಿಯಾಗಿ ಧಾರವಾಡ ಪ್ರಾಂತದಲ್ಲಿದ್ದು, 1824ರ ಕಿತ್ತೂರಿನ ದಂಗೆಯಲ್ಲಿ ಸೆರೆ ಸಿಕ್ಕು ಬದುಕಿ ಬಂದವನು. ಕನ್ನಡ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿ ಮಾಡಿಸಿದವನು. ಅವನ 'ಕಾಯಿನ್ಸ್ ಆಫ್ ಸದರ್ನ್ ಇಂಡಿಯಾ' ಹೊರಬಿದ್ದದ್ದು 1886ರಲ್ಲಿ. ಅಷ್ಟರಲ್ಲಿ ಅವನ ಕಣ್ಣು ಬಹುಮಟ್ಟಿಗೆ ಹೋಗಿಬಿಟ್ಟಿತ್ತು. ಜೀವಮಾನವೆಲ್ಲ ಕೂಡಿಟ್ಟದ್ದನ್ನು ಕಾಣಲಾರದೆ ಕುಳಿತು ಅದರ ಕಥೆಯನ್ನು ಬರೆಯಿಸಿದ ಆ ಮುದುಕನ ಶ್ರದ್ಧೆಗೆ ತಲೆಬಾಗದೆ ಇರುವುದು ಕಷ್ಟ. ನಮ್ಮವರಲ್ಲಿ ಮೈಸೂರಿನ ಎ. ವಿ. ನರಸಿಂಹಮೂರ್ತಿಯವರು 1975ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ 'ದಿ ಕಾಯಿನ್ಸ್ ಆಫ್ ಕರ್ನಾಟಕ' ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲರ ಕೈಪಿಡಿ. ಯಾವ ಅರಸು ಯಾವ ಚಿಹ್ನೆಯನ್ನು ಹಾಕಿಸಿದ, ಯಾವ ಲಿಪಿಯಲ್ಲಿ ಏನೆಂದು ಬರೆಯಿಸಿದ, ಹೊನ್ನು ಹಣಗಳ ತೂಕವೆಷ್ಟು, ಇವನ್ನೆಲ್ಲ ತಿಳಿಯಬೇಕಾದವನು ಆ ಪುಸ್ತಕದ ಬಾಗಿಲನ್ನು ತಟ್ಟಲೇಬೇಕು.

ಈ ಗ್ರಂಥಗಳ ಗುಣವನ್ನು ಒಪ್ಪಿಕೊಂಡೇ ಒಂದು ಮಾತು ಹೇಳಬೇಕಾಗಿದೆ. ಇವುಗಳ ಕ್ರಮ ವಂಶಾವಳಿಯ ಕ್ರಮ. ಶಾತವಾಹನರು, ಕದಂಬರು, ಚಾಲುಕ್ಯರು, ಹೊಯ್ಸಳರು, ವಿಜಯನಗರದವರು, ಹೀಗೆ ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ. ಪ್ರತಿಯೊಬ್ಬ ಅರಸನೂ ತನ್ನ ನಾಣ್ಯವನ್ನು ತೋರಿಸಿ ಹೋಗುತ್ತಾನೆ. ಹರಿಹರನ ಹನುಮಂತ, ದೇವರಾಯನ ಆನೆ, ಕೃಷ್ಣದೇವರಾಯನ ಬಾಲಕೃಷ್ಣ, ಅಚ್ಯುತರಾಯನ ಗಂಡಭೇರುಂಡ. ನೋಡುವುದಕ್ಕೆ ಸೊಗಸಾದ ಮೆರವಣಿಗೆ. ಆದರೆ ನಾಣ್ಯದ ಬಾಳು ಟಂಕಸಾಲೆಯ ಬಾಗಿಲಲ್ಲಿ ಮುಗಿಯುವುದಿಲ್ಲ, ಅಲ್ಲಿ ಪ್ರಾರಂಭವಾಗುತ್ತದೆ. ಅಚ್ಚು ಒತ್ತಿದವನು ಅರಸ, ನಿಜ. ಅದನ್ನು ಒರೆಗಲ್ಲಿಗೆ ತಿಕ್ಕಿ ನೋಡಿದ ಚಿನಿವಾರ, ಜೋಳಕ್ಕೆ ಬದಲಾಗಿ ಪಡೆದ ರೈತ, ಕುದುರೆಗೆ ಸುರಿದ ದಂಡನಾಯಕ, ದೇವರಿಗೆ ಒಪ್ಪಿಸಿದ ಭಕ್ತ, ದಂಡು ಬಂತೆಂದು ಮಡಕೆಯಲ್ಲಿಟ್ಟು ಹೂತವನು, ಇವರೆಲ್ಲ ಸೇರಿ ಅದನ್ನು ನಾಣ್ಯವನ್ನಾಗಿ ಮಾಡಿದರು. ಕನ್ನಡದಲ್ಲಿ ನಂಬಿಗಸ್ತನನ್ನು 'ನಾಣ್ಯಸ್ಥ'ನೆಂದು ಕರೆಯುವ ವಾಡಿಕೆಯಿದೆ. ನಂಬಿದವನು ಇಲ್ಲದೆ ನಾಣ್ಯವೂ ಇಲ್ಲ, ನಾಣ್ಯಸ್ಥನೂ ಇಲ್ಲ. ವಂಶಾವಳಿಯ ಕ್ರಮದಲ್ಲಿ ಬರೆದ ಪುಸ್ತಕಕ್ಕೆ ಆ ನಂಬಿದವನು ಕಾಣಿಸುವುದೇ ಇಲ್ಲ.

ಇದು ಬರಿಯ ಅಧ್ಯಾಯಗಳ ಜೋಡಣೆಯ ಪ್ರಶ್ನೆಯಾಗಿದ್ದರೆ ಇಷ್ಟು ಕಾಗದವನ್ನು ವ್ಯಯಮಾಡಬೇಕಾಗಿರಲಿಲ್ಲ. ಜೋಡಣೆ ತಪ್ಪಿದಲ್ಲಿ ಇತಿಹಾಸವೂ ತಪ್ಪುತ್ತದೆ. ಇದಕ್ಕೆ ಎಡೆದೊರೆ ನಾಡಿಗಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು.

ಫೆರಿಷ್ತಾ ಎಂಬ ಪಾರಸಿ ಇತಿಹಾಸಕಾರನ ಹೆಸರನ್ನು ಶಾಲೆಯ ಪುಸ್ತಕದಲ್ಲಾದರೂ ವಾಚಕರು ಕೇಳಿರುತ್ತಾರೆ. ಹದಿನೇಳನೆಯ ಶತಮಾನದ ಆರಂಭದಲ್ಲಿ, ಬಿಜಾಪುರದ ಎರಡನೆಯ ಇಬ್ರಾಹಿಮ್ ಆದಿಲಶಾಹನ ಆಶ್ರಯದಲ್ಲಿ ಕುಳಿತು ಬರೆದವನು. ಬಹಮನಿ ಸುಲ್ತಾನ ಒಂದನೆಯ ಮಹಮ್ಮದ ಶಾಹನ ಕಾಲದ ಒಂದು ಘೋರ ಪ್ರಸಂಗವನ್ನು ಅವನು ಹೇಳುತ್ತಾನೆ. ಸುಲ್ತಾನನು ತನ್ನ ಹೆಸರಿನಲ್ಲಿ ಚಿನ್ನ ಬೆಳ್ಳಿಗಳ ನಾಣ್ಯಗಳನ್ನು ಹೊರಡಿಸಿದ. ದಖ್ಖಣದ ಹಿಂದೂ ಸರಾಫರು, ವಿಜಯನಗರ ಮತ್ತು ವಾರಂಗಲ್ಲಿನ ಅರಸರ ಪ್ರೇರಣೆಯಿಂದ, ಆ ನಾಣ್ಯಗಳನ್ನು ಕೈಗೆ ಬಂದಂತೆಲ್ಲ ಮೂಸೆಗೆ ಹಾಕಿ ಕರಗಿಸಿದರು. ಎಚ್ಚರಿಕೆ ಕೊಟ್ಟರೂ ಬಿಡಲಿಲ್ಲ. ಕೊನೆಗೆ 1360ರಲ್ಲಿ ಸುಲ್ತಾನನ ಅಪ್ಪಣೆಯಂತೆ ರಾಜ್ಯದ ಸರಾಫರೆಲ್ಲ ಹತರಾದರು; ಅವರ ಕಸುಬಿಗೆ ಉತ್ತರದಿಂದ ಬಂದ ಖತ್ರಿಗಳನ್ನು ತಂದಿಟ್ಟರು.

ಈ ಪ್ರಸಂಗವನ್ನು ಮತದ್ವೇಷದ ಕಥೆಯಾಗಿ ಓದುವುದು ಸುಲಭ. ಬಹಳ ಮಂದಿ ಹಾಗೆಯೇ ಓದಿದ್ದಾರೆ. ಫೆರಿಷ್ತಾನೂ ಹಾಗೆಯೇ ಬರೆದಿದ್ದಾನೆ. ಆದರೆ ಅವನು ಬರೆದದ್ದು ಘಟನೆ ನಡೆದ ಎರಡೂವರೆ ಶತಮಾನದ ಅನಂತರ. ಅವನ ಮಾತನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ನಾಣ್ಯಗಳನ್ನೇ ತಕ್ಕಡಿಗೆ ಹಾಕಿ ನೋಡೋಣ. ಬಹಮನಿ ಟಂಕದ ತೂಕ ಸುಮಾರು 11 ಗ್ರಾಂ. ದಿಲ್ಲಿಯ ಪದ್ಧತಿಯಿಂದ ಬಂದದ್ದು. ದಕ್ಷಿಣದ ಹೊನ್ನು, ಎಂದರೆ ವರಹ, ಸುಮಾರು 3.4 ಗ್ರಾಂ. ಅದರ ಅರ್ಧ ಪ್ರತಾಪ. ಪ್ರತಾಪದ ಹತ್ತನೆಯ ಒಂದು ಪಾಲು ಹಣ. 1443ರಲ್ಲಿ ವಿಜಯನಗರಕ್ಕೆ ಬಂದ ರಾಯಭಾರಿ ಅಬ್ದುರ್ ರಜಾಕ್ ಈ ಲೆಕ್ಕವನ್ನು ಕ್ರಮವಾಗಿ ಕೊಟ್ಟು, ಇವುಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಹಣವೇ ಎಂದೂ ಹೇಳಿದ್ದಾನೆ. ಕನ್ನಡಿಗರು ಇಂದಿಗೂ ಎಲ್ಲ ಬಗೆಯ ದುಡ್ಡನ್ನೂ 'ಹಣ'ವೆಂದೇ ಕರೆಯುವುದು ಆ ಪುಟ್ಟ ನಾಣ್ಯದ ಪುಣ್ಯ.

ಈಗ ಕೃಷ್ಣೆಯ ದಂಡೆಯ ಒಬ್ಬ ಚಿನಿವಾರನನ್ನು ಕಲ್ಪಿಸಿಕೊಳ್ಳಿ. ಅವನ ಗಿರಾಕಿಗಳು ತಾತ ಮುತ್ತಾತಂದಿರ ಕಾಲದಿಂದ ಹೊನ್ನು ಹಣಗಳಲ್ಲಿ ಲೆಕ್ಕ ಮಾಡುವವರು. ಹೊಲದ ಕ್ರಯ, ಮದುವೆಯ ಖರ್ಚು, ದೇವಸ್ಥಾನದ ದತ್ತಿ, ಎಲ್ಲವೂ ಅದರಲ್ಲಿಯೇ. ಅವನ ಕೈಗೆ ದೊಡ್ಡದೊಂದು ಚಿನ್ನದ ಟಂಕ ಬಂತು. ಅದರ ಲೋಹ ಶುದ್ಧ; ಅದರ ಆಕಾರ ಯಾರಿಗೂ ಬೇಡ. ಅವನು ಏನು ಮಾಡಿಯಾನು? ಕರಗಿಸಿ ಹೊನ್ನು ಮಾಡಿಯಾನು. ಇದಕ್ಕೆ ವಿಜಯನಗರದ ಅರಸನ ಪಿತೂರಿ ಬೇಕಾಗಿಲ್ಲ. ಸಂತೆಯ ಒತ್ತಾಯ ಸಾಕು. ಸರಾಫರ ಕೊಲೆಯ ಘೋರತೆ ಇದರಿಂದ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಆ ಕಥೆಯ ತಿರುಳು ಬೇರೆಯಾಗುತ್ತದೆ. ಎರಡು ಮತಗಳ ಜಗಳವಾಗಿ ಕಂಡದ್ದು ಎರಡು ಲೆಕ್ಕಗಳ ಜಗಳವಾಗಿ ಕಾಣತೊಡಗುತ್ತದೆ. ಸುಲ್ತಾನನ ಖಡ್ಗಕ್ಕೂ ಬಗ್ಗದ ಒಂದು ಶಕ್ತಿ, ಜನದ ಬಳಕೆ, ಮುಂದೆ ಬಂದು ನಿಲ್ಲುತ್ತದೆ.

ಇದು ನನ್ನೊಬ್ಬನ ಊಹೆಯಾಗಿದ್ದರೆ ಓದುಗರು ತಳ್ಳಿಹಾಕಬಹುದಾಗಿತ್ತು. ಅಮೆರಿಕದ ವಿದ್ವಾಂಸ ಫಿಲಿಪ್ ವ್ಯಾಗನರ್ 2014ರಲ್ಲಿ ಪ್ರಕಟಿಸಿದ ಒಂದು ದೀರ್ಘ ಪ್ರಬಂಧ, ಸುಮಾರು 1350ರಿಂದ 1687ರವರೆಗೆ ದಖ್ಖಣದಲ್ಲಿ ನಡೆದ ಹಣದ ಬಳಕೆಯನ್ನು ಕುರಿತದ್ದು. ವಿಜಯನಗರದ ಹೊನ್ನುಗಳು ಬಹಮನಿ ರಾಜ್ಯದೊಳಗೆ ಕಳ್ಳದಾರಿಯಿಂದ ಬಂದ ಪರಕೀಯ ವಸ್ತುಗಳಾಗಿರಲಿಲ್ಲ, ಆ ರಾಜ್ಯದ ಹಣದ ವ್ಯವಸ್ಥೆಯಲ್ಲಿಯೇ ಅವಕ್ಕೆ ಒಂದು ಸ್ಥಾನವಿತ್ತು ಎಂಬುದು ಅದರ ಪ್ರತಿಪಾದನೆ. ರಣರಂಗದಲ್ಲಿ ಎದುರಾಳಿಯಾದ ಅರಸನ ಚಿನ್ನ ಸಂತೆಯಲ್ಲಿ ನೆಂಟನಂತೆ ಓಡಾಡುತ್ತಿತ್ತು. ನನ್ನ ಮಟ್ಟಿಗೆ, ದಖ್ಖಣದ ನಾಣ್ಯಗಳ ವಿಷಯದಲ್ಲಿ ಈಚೆಗೆ ಬಂದ ಬರಹಗಳಲ್ಲಿ ಇಷ್ಟು ಕಣ್ಣು ತೆರೆಸಿದ್ದು ಇನ್ನೊಂದಿಲ್ಲ. ಇದರ ವೈಶಿಷ್ಟ್ಯವಿರುವುದು ಪ್ರಶ್ನೆಯನ್ನು ಬದಲಾಯಿಸಿದ್ದರಲ್ಲಿ. 'ಇದು ಯಾರ ನಾಣ್ಯ?' ಎಂದು ಕೇಳಿ ಸುಮ್ಮನಾಗದೆ, 'ಇದು ಎಲ್ಲಿ, ಯಾವುದರ ಜೊತೆಯಲ್ಲಿ, ಯಾರ ಕೈಯಲ್ಲಿತ್ತು?' ಎಂದು ಅದು ಕೇಳುತ್ತದೆ. ಇಂಥ ಬರಹವೊಂದು ಕನ್ನಡದಲ್ಲಿ ಮೊದಲು ಹುಟ್ಟಲಿಲ್ಲವಲ್ಲ ಎಂದು ಸಂಕಟವೂ ಆಗುತ್ತದೆ. ಆ ಸಂತೆ ನಡೆದದ್ದು ನಮ್ಮ ಭಾಷೆಯಲ್ಲಿ.

ಈ ಹೊಸ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಹಳೆಯ ಕಥೆಗಳನ್ನು ಮತ್ತೆ ಓದಿದರೆ, ಎಷ್ಟೋ ಕಡೆ ನಾವು ಗಮನಿಸದೆ ದಾಟಿಹೋದ ವಿವರಗಳು ಎದ್ದು ಕಾಣುತ್ತವೆ. ಫಿರೋಜ ಶಾಹ ಬಹಮನಿಗೂ ಒಂದನೆಯ ದೇವರಾಯನಿಗೂ 1406ರಲ್ಲಿ ನಡೆದ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಮಗಳೇ ಕಾರಣವೆಂದು ಫೆರಿಷ್ತಾ ರಸವತ್ತಾಗಿ ಹೇಳುತ್ತಾನೆ. ಆ ಚೆಲುವೆಯನ್ನು ಕುರಿತು ಎಲ್ಲರೂ ಬರೆದರು. ಅವಳ ತಂದೆ ಅಕ್ಕಸಾಲಿಯೇ ಏಕಾಗಿದ್ದ ಎಂದು ಕೇಳಿದವರು ಕಡಿಮೆ. ಕಥೆ ಕಲ್ಪಿತವೆಂದೇ ಇಟ್ಟುಕೊಳ್ಳೋಣ. ಕಲ್ಪಿಸಿದವನಿಗೂ, ಕೇಳಿದವರಿಗೂ, ಮುದಗಲ್ಲಿನ ಸೀಮೆಯೆಂದೊಡನೆ ಚಿನ್ನದ ಕೆಲಸದವನ ನೆನಪಾದದ್ದು ಅರ್ಥವಿಲ್ಲದ್ದೇನಲ್ಲ. ಹಟ್ಟಿಯ ಗುಡ್ಡಗಳು ಅಲ್ಲಿಂದ ಬಹಳ ದೂರವಿಲ್ಲ.

ಇನ್ನೊಂದು ಪ್ರಸಂಗ 1520ರ ರಾಯಚೂರು ಯುದ್ಧದ್ದು. ಪೋರ್ಚುಗೀಸ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟ ವೃತ್ತಾಂತವನ್ನು ರಾಬರ್ಟ್ ಸೆವೆಲ್ 1900ರ ತನ್ನ ಪ್ರಖ್ಯಾತ ಗ್ರಂಥದಲ್ಲಿ ಅನುವಾದಿಸಿಕೊಟ್ಟ. ಅದರ ಪ್ರಕಾರ ಕೃಷ್ಣದೇವರಾಯನು ತನ್ನ ಸೇವೆಯಲ್ಲಿದ್ದ ಮುಸಲ್ಮಾನ ವರ್ತಕನೊಬ್ಬನ ಕೈಯಲ್ಲಿ ನಲವತ್ತು ಸಾವಿರ ಪರ್ದಾವುಗಳನ್ನು ಕೊಟ್ಟು ಗೋವೆಯಲ್ಲಿ ಕುದುರೆ ಕೊಳ್ಳಲು ಕಳಿಸಿದ. ಅವನು ಹಣದೊಡನೆ ಆದಿಲಶಾಹನ ಆಶ್ರಯಕ್ಕೆ ಹೋಗಿಬಿಟ್ಟ. ಅದು ಯುದ್ಧಕ್ಕೆ ನೆವವಾಯಿತು. ಪರ್ದಾವು ಎಂದರೆ ನಮ್ಮ ಹೊನ್ನಿಗೆ ಪೋರ್ಚುಗೀಸರ ಬಾಯಲ್ಲಿ ಬಂದ ಹೆಸರು. 'ಪ್ರತಾಪ'ವೇ ಹಾಗಾಯಿತೆಂದು ಬಲ್ಲವರು ಹೇಳುತ್ತಾರೆ. ಯುದ್ಧದ ವರ್ಣನೆಯನ್ನು ನಾವು ಹೆಮ್ಮೆಯಿಂದ ಓದುತ್ತೇವೆ. ಆದರೆ ಹಿಂದೂ ಅರಸ, ಮುಸಲ್ಮಾನ ವರ್ತಕ, ಕ್ರೈಸ್ತರ ಬಂದರು, ಈ ಮೂವರೂ ಒಂದೇ ನಾಣ್ಯದಲ್ಲಿ ಲೆಕ್ಕ ಮಾಡುತ್ತಿದ್ದರೆಂಬುದನ್ನು ಆ ಹೆಮ್ಮೆಯ ಭರದಲ್ಲಿ ಮರೆಯುತ್ತೇವೆ.

ಇಲ್ಲಿ ದೂರದ ಒಂದು ನಾಡನ್ನು ನೆನೆದರೆ ನಮ್ಮದರ ಸ್ವರೂಪ ಹೆಚ್ಚು ಸ್ಪಷ್ಟವಾದೀತು. ಜರ್ಮನಿಯ ಸ್ಯಾಕ್ಸನಿಯೂ ಗಣಿಯ ನಾಡು. 1168ರಲ್ಲಿ ಫ್ರೈಬರ್ಗ್ ಎಂಬಲ್ಲಿ ಬೆಳ್ಳಿ ಸಿಕ್ಕಿತು. ಗಣಿಯ ಸುತ್ತ ಊರು ಬೆಳೆಯಿತು, ಊರಿನಲ್ಲಿ ಟಂಕಸಾಲೆ ಬಂತು. ಮೊದಮೊದಲು ಅಲ್ಲಿ ಹೊರಡಿಸುತ್ತಿದ್ದದ್ದು ಬೆಳ್ಳಿಯ ತೆಳು ತಗಡಿನ ಮೇಲೆ ಒಂದೇ ಮುಖಕ್ಕೆ ಅಚ್ಚು ಒತ್ತಿದ, ಎಲೆಯಂತೆ ಹಗುರವಾದ ನಾಣ್ಯಗಳನ್ನು. ಅವಕ್ಕೆ ಆಯುಸ್ಸು ಬಹಳವಿರುತ್ತಿರಲಿಲ್ಲ. ಅದೇ ಸ್ಯಾಕ್ಸನ್ ಸೀಮೆಯ ಮಗ್ದೆಬರ್ಗಿನಲ್ಲಿ ಹನ್ನೆರಡನೆಯ ಶತಮಾನದ ಆರ್ಚ್‌ಬಿಷಪ್ಪನು ವರ್ಷಕ್ಕೆ ಎರಡು ಸಲ ಹಳೆಯ ನಾಣ್ಯಗಳನ್ನು ಹಿಂದಕ್ಕೆ ಕರೆದು, ನಾಲ್ಕು ಹಳೆಯವಕ್ಕೆ ಮೂರು ಹೊಸವನ್ನು ಕೊಡುತ್ತಿದ್ದ. ನಾಲ್ಕನೆಯದು ಅವನಿಗೆ ಸಲ್ಲುವ ತೆರಿಗೆ. ಅಲ್ಲಿ ನಾಣ್ಯ ಪ್ರಭುವಿನ ಕೈಯಲ್ಲಿತ್ತು.

ನಮ್ಮ ಹೊನ್ನಿನ ಕಥೆ ಇದಕ್ಕೆ ತೀರ ಎದುರು. ಅದು ಅರಸನಿಗಿಂತ ಹೆಚ್ಚು ಕಾಲ ಬಾಳಿತು. ವಿಜಯನಗರ ಹಾಳಾದ ಮೇಲೂ ಅದರ ಮಾದರಿಯಲ್ಲಿ ವರಹಗಳು ಹುಟ್ಟುತ್ತಲೇ ಇದ್ದುವು. ಇಂಗ್ಲಿಷ್ ಕಂಪೆನಿಯವರು ಮದರಾಸಿನಲ್ಲಿ ವೆಂಕಟೇಶ್ವರನನ್ನೂ ಇಬ್ಬರು ದೇವಿಯರನ್ನೂ ವರಹದ ಮೇಲೆ ಒತ್ತಿಸಿದರು. ಹೈದರಾಲಿಯು 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ, ಇಕ್ಕೇರಿಯ ವರಹದ ಮೇಲಿದ್ದ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿ, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಮಾತ್ರ ಪಾರಸಿಯಲ್ಲಿ ಹಾಕಿಸಿದ. ಸಂತೆ ಯಾವುದನ್ನು ನಂಬುತ್ತದೆಂಬುದನ್ನು ಅವರೆಲ್ಲ ಬಲ್ಲವರಾಗಿದ್ದರು. ಸ್ಯಾಕ್ಸನಿಯ ನಾಣ್ಯದಲ್ಲಿ ಪ್ರಭುತ್ವದ ಇತಿಹಾಸವನ್ನು ಓದಬಹುದಾದರೆ, ಎಡೆದೊರೆಯ ನಾಣ್ಯದಲ್ಲಿ ಓದಬೇಕಾದದ್ದು ಪ್ರಜೆಯ ಇತಿಹಾಸವನ್ನು. ಅರಸರ ಕ್ರಮದಲ್ಲಿ ಜೋಡಿಸಿದ ಪುಸ್ತಕ ಇಲ್ಲಿಗೆ ಸಾಲದೆ ಹೋಗುವುದು ಈ ಕಾರಣದಿಂದ.

ಹಾಗಾದರೆ ಆ ಇನ್ನೊಂದು ಪುಸ್ತಕವನ್ನು ಯಾರಾದರೂ ಬರೆಯಬಾರದೇಕೆ? ಬರೆಯಬಹುದು, ಆದರೆ ಅದಕ್ಕೆ ಬೇಕಾದ ಸಾಮಗ್ರಿಯನ್ನು ನಾವೇ, ನಾಣ್ಯಪ್ರಿಯರೆನ್ನಿಸಿಕೊಂಡವರೇ, ಅಳಿಸಿ ಹಾಕುತ್ತಿದ್ದೇವೆ. ಈ ಮಾತು ಕಟುವಾಗಿ ಕಂಡರೆ ಕ್ಷಮಿಸಬೇಕು. ಸಂಗ್ರಾಹಕರ ಸಾಲಿನಲ್ಲಿ ನಾನೂ ಒಬ್ಬ. ನಾಣ್ಯ ಕೊಳ್ಳುವಾಗ ನಾವು ಕೇಳುವ ಪ್ರಶ್ನೆಗಳು ಮೂರು: ಯಾವ ಅರಸ? ಎಷ್ಟು ಅಪರೂಪ? ಎಷ್ಟು ಬೆಲೆ? ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಮಾರುವವನು ಅನುಮಾನದಿಂದ ನೋಡುತ್ತಾನೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಾನೂನು ಈ ದೇಶದಲ್ಲಿ 1878ರಿಂದ ಇದೆ. ಆ ಭಯದಿಂದ ಒಂದು ಮಡಕೆಯ ನಾಣ್ಯಗಳು ಹತ್ತು ಕಡೆಗೆ ಹಂಚಿಹೋಗುತ್ತವೆ, ಇಲ್ಲವೆ ರಾತ್ರಿ ಬೆಳಗಾಗುವುದರಲ್ಲಿ ಮೂಸೆ ಸೇರುತ್ತವೆ. 1360ರ ಸರಾಫನಿಗೆ ಕರಗಿಸುವುದಕ್ಕೆ ಕಾರಣವಿತ್ತು; ಅವನು ಇನ್ನೊಂದು ನಾಣ್ಯವನ್ನಾದರೂ ಮಾಡುತ್ತಿದ್ದ. ಇಂದು ಕರಗಿದ್ದು ಬರಿಯ ಬಳೆಯಾಗುತ್ತದೆ.

ಅಗೆಯುವ ವಿದ್ವಾಂಸನು ಹೇಗೆ ಕೆಲಸ ಮಾಡುತ್ತಾನೆಂಬುದಕ್ಕೆ ಮಸ್ಕಿಯೇ ಸಾಕ್ಷಿ. 1954ರಲ್ಲಿ ಬಿ. ಕೆ. ಥಾಪರ್ ಅಲ್ಲಿ ಉತ್ಖನನ ಮಾಡಿದಾಗ, ಒಂದೊಂದು ಮಡಕೆಯ ಚೂರೂ ಯಾವ ಪದರದಲ್ಲಿತ್ತೆಂಬುದನ್ನು ಬರೆದಿಟ್ಟು, ನಾಲ್ಕು ಕಾಲಘಟ್ಟಗಳ ಜನಜೀವನವನ್ನು ಒಂದರ ಮೇಲೊಂದಾಗಿ ತೋರಿಸಿಕೊಟ್ಟರು. ಬೆಲೆಯಿಲ್ಲದ ಮಣ್ಣಿನ ಚೂರಿಗೆ ಆ ಗೌರವ. ಬೆಲೆಯುಳ್ಳ ಹೊನ್ನಿಗೆ ಅದಿಲ್ಲ. ಅದೇ ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ, ಚಿನ್ನದ ಅದಿರನ್ನು ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಅಶೋಕನ ಶಾಸನ ಬಿತ್ತು. 'ದೇವಾನಾಂಪ್ರಿಯ'ನೆಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಶಾಸನಗಳಲ್ಲಿ ಮೊದಲು ಬೆಳಕಿಗೆ ಬಂದದ್ದು ಅದು. ಮಸ್ಕಿಯ ಹೆಸರು ಜಗತ್ತಿಗೆ ತಿಳಿದದ್ದು ಅದರಿಂದ. ಅದು ಬಂಡೆಯಾಗಿತ್ತು, ಯಾರ ಚೀಲದಲ್ಲಿಯೂ ಹಿಡಿಯುವಂತಿರಲಿಲ್ಲ, ನಮ್ಮ ಪುಣ್ಯ. ಅಷ್ಟೇ ಅಕ್ಷರಗಳು ಒಂದು ಚಿನ್ನದ ತಗಡಿನ ಮೇಲಿದ್ದಿದ್ದರೆ ಮಸ್ಕಿಯ ಹೆಸರು ಉಳಿಯುತ್ತಿತ್ತೇ ಎಂಬುದು ಯೋಚಿಸಬೇಕಾದ ಮಾತು.

ಸಿಂಧನೂರಿನ ಕಡೆ ಹೋದರೆ ಈ ಆತಂಕ ಹೆಚ್ಚುತ್ತದೆ. ತುಂಗಭದ್ರೆಯ ಎಡದಂಡೆಯ ಕಾಲುವೆ ಬಂದ ಮೇಲೆ, ಜೋಳ ಬೆಳೆಯುತ್ತಿದ್ದ ಎರೆಯ ಹೊಲಗಳು ಮಟ್ಟವಾಗಿ ಭತ್ತದ ಗದ್ದೆಗಳಾದುವು. ಬಡಜನದ ಕೈಗೆ ನಾಲ್ಕು ಕಾಸು ಬಂತು. ಅದಕ್ಕಾಗಿ ಯಾರೂ ಕೊರಗಬೇಕಾಗಿಲ್ಲ. ಆದರೆ ನೆಲವನ್ನು ಮಟ್ಟ ಮಾಡುವ ಯಂತ್ರಕ್ಕೆ ಪದರಗಳ ವಿವೇಚನೆಯಿಲ್ಲ. ಮಣ್ಣಿನಡಿಯಿಂದ ಎದ್ದದ್ದು ಎಲ್ಲಿಯದೆಂದು ಆ ಹೊತ್ತಿನಲ್ಲೇ ಬರೆದಿಡದಿದ್ದರೆ, ಮುಂದೆ ಎಂಥ ಪಂಡಿತ ಬಂದರೂ ಹೇಳಲಾರ. ಇದಕ್ಕೆ ವಿಶ್ವವಿದ್ಯಾನಿಲಯದ ಪದವಿ ಬೇಕಿಲ್ಲ. ಊರ ಶಾಲೆಯ ಮಾಸ್ತರು, ಅಂಚೆಯವನು, ಓದು ಬಲ್ಲ ಒಬ್ಬ ಹುಡುಗ, ಇವರಲ್ಲಿ ಯಾರಾದರೂ ಒಂದು ನೋಟುಪುಸ್ತಕದಲ್ಲಿ ಊರು, ಹೊಲ, ತಾ

ರೀಕು, ಜೊತೆಯಲ್ಲಿ ಏನೇನಿತ್ತು ಎಂಬ ನಾಲ್ಕು ಸಂಗತಿಗಳನ್ನು ಗುರುತು ಮಾಡಿದರೆ ಸಾಕು. ಸಂಗ್ರಾಹಕನೂ ತನ್ನ ಪ್ರತಿಯೊಂದು ನಾಣ್ಯದ ಲಕೋಟೆಯ ಮೇಲೆ ತೂಕದ ಪಕ್ಕದಲ್ಲಿ ಊರಿನ ಹೆಸರನ್ನು ಬರೆಯುವ ವ್ರತವನ್ನು ಹಿಡಿಯಬೇಕು. ಊರು ಗೊತ್ತಿರುವ ಸವಕಲು ತಾಮ್ರ, ಊರಿಲ್ಲದ ಹೊಳೆಯುವ ಚಿನ್ನಕ್ಕಿಂತ ಹೆಚ್ಚಿನದೆಂದು ನಮ್ಮ ಸಂಘಗಳೂ ಪ್ರದರ್ಶನಗಳೂ ಒಪ್ಪಿಕೊಂಡ ದಿನ ಈ ಶಾಸ್ತ್ರಕ್ಕೆ ಕನ್ನಡದಲ್ಲಿ ಹೊಸ ಜೀವ ಬಂದೀತು.

ಆ ಡಬ್ಬಿಯ ಮೂರನೆಯ ನಾಣ್ಯದ ಮಾತನ್ನು ಬಿಟ್ಟೇಬಿಟ್ಟೆನಲ್ಲ. ಚಾರಮಿನಾರಿನ ಎಂಟಾಣೆಯನ್ನು ಸಂಗ್ರಾಹಕರು ಲೆಕ್ಕಕ್ಕೆ ಹಿಡಿಯುವುದಿಲ್ಲ, ಬೇಕಾದಷ್ಟು ಸಿಕ್ಕುತ್ತದೆ. ನನಗೆ ಮಾತ್ರ ಆ ದಿನ ಹೆಚ್ಚು ಕಲಿಸಿದ್ದು ಅದು. ಹೈದರಾಬಾದ್ ಸಂಸ್ಥಾನದ ಹಾಲಿ ಸಿಕ್ಕಾ ಒಂದು ಕಡೆ, ಬ್ರಿಟಿಷರ ಕಲ್ದಾರ್ ಇನ್ನೊಂದು ಕಡೆ. ಏಳು ಹಾಲಿಗೆ ಆರು ಕಲ್ದಾರ್. "ಹೊಳಿ ದಾಟಿ ಬಳ್ಳಾರಿ ಕಡೆ ಹೋದ್ರ ಕಲ್ದಾರ್ ಬೇಕಿತ್ತರಿ. ಇಲ್ಲಿ ಹಾಲಿ ನಡೀತಿತ್ತು. ನಮ್ಮಪ್ಪ ಎರಡೂ ಬಾಯಿಲೇ ಲೆಕ್ಕ ಹಾಕ್ತಿದ್ದ," ಎಂದು ಆ ವೃದ್ಧರು ಹೇಳಿದರು. ಹಾಲಿ ಸಿಕ್ಕಾ ಪೂರ್ತಿ ನಿಂತದ್ದು ಐವತ್ತರ ದಶಕದಲ್ಲಿ. ಎರಡು ಸರಕಾರಗಳ ಎರಡು ನಾಣ್ಯಗಳನ್ನು ಒಂದೇ ಚೀಲದಲ್ಲಿಟ್ಟುಕೊಂಡು ಬಾಳುವುದು ಈ ನಾಡಿಗೆ ಮೊನ್ನೆ ಮೊನ್ನೆಯವರೆಗೂ ದಿನನಿತ್ಯದ ಮಾತಾಗಿತ್ತು. ಹದಿನೈದನೆಯ ಶತಮಾನದ ಟಂಕ-ಹೊನ್ನುಗಳ ಸಹವಾಸ ಅರ್ಥವಾಗಬೇಕಾದರೆ ಲಂಡನ್ನಿನ ಮ್ಯೂಸಿಯಮ್ಮಿಗಿಂತ ಮೊದಲು ಲಿಂಗಸುಗೂರಿನ ಅಂಗಡಿಗೆ ಹೋಗಬೇಕು.

ಹೊರಡುವ ಮುನ್ನ ಚಿನ್ನದ ನಾಣ್ಯವನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿದೆ. ಅಂಚಿನಲ್ಲಿ ಒಂದು ಸಣ್ಣ ಗಾಯ. ಎಂದೋ ಕೊಂಡಿ ಬೆಸೆದು, ಅನಂತರ ಕಿತ್ತ ಗುರುತು. ನಾಣ್ಯದ ಅಂಗಡಿಯಲ್ಲಾದರೆ ಅದನ್ನು ದೋಷವೆಂದು ಬರೆದು ಅರ್ಧ ಬೆಲೆಗೆ ಇಳಿಸುತ್ತಾರೆ. ಅದನ್ನು ವೃದ್ಧರಿಗೆ ತೋರಿಸಿದೆ. ಅವರು ಕನ್ನಡಕವನ್ನು ಹಣೆಗೇರಿಸಿ, ನಾಣ್ಯವನ್ನು ಕಣ್ಣಿನ ಹತ್ತಿರ ತಂದು, ಬಹಳ ಹೊತ್ತು ಸುಮ್ಮನಿದ್ದರು.

"ಇದು ನಮ್ಮವ್ವನ ಸರದಾಗಿಂದರಿ," ಎಂದರು ಕೊನೆಗೆ. "ಅಕೀ ತವರಮನಿ ಮಸ್ಕಿ. ಅವರವ್ವ ಹಾಕಿದ್ದಂತ. ಬರಗಾಲದಾಗ ಸರ ಹೋತು, ಇದೊಂದು ಉಳೀತು."

ಬೆಲೆಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ನನ್ನ ಕಿಸೆಯಲ್ಲಿದ್ದ ಕಾಗದದ ಚೂರಿನಲ್ಲಿ 'ಮಸ್ಕಿ, ತಾಯಿಯ ತಾಯಿಯ ಸರದ್ದು' ಎಂದು ಬರೆದು ಅವರ ಕೈಗೆ ಕೊಟ್ಟೆ. ಅವರು ಅದನ್ನು ನಾಲ್ಕಾಗಿ ಮಡಿಸಿ, ನಾಣ್ಯಗಳ ಜೊತೆಯಲ್ಲಿ ಡಬ್ಬಿಯೊಳಗಿಟ್ಟು ಮುಚ್ಚಿದರು.